ಜಿನ್ನುಗಳ ಸದ್ದು, ಜೊತೆಗೊಂದು ಕತೆ

ಕುಷ್ಟಗಿಯಲ್ಲಿರುವ ನಮ್ಮ ಅಕ್ಕನ ಮಗ ಹೋದ ಮೊಹರಂಗೆ ಬೆಂಗಳೂರಿನಿಂದ ಊರಿಗೆ ಬಂದಿದ್ದ. ಕತಲ್ ರಾತ್ರಿ. ಅಲಾಯಿ ಕುಣಿಯ ಸುತ್ತ ಜನ ಸೇರಿದ್ದರು. ಒಂದು ಮೂಲೆಯಲ್ಲಿ ಹಲಗೆಯವರು ಬೆಂಕಿಗೆ ಹಲಗೆ ಕಾಯಿಸುತ್ತಿದ್ದರು. ನಮ್ಮ ಹುಡುಗ ಮಾತ್ರ ಕಟ್ಟೆಯ ಮೇಲೆ ಕೂತು, ಕಿವಿಗೆ ಏನೋ ಸಿಕ್ಕಿಸಿಕೊಂಡು, ಕಣ್ಣು ಮುಚ್ಚಿ ತಲೆ ಆಡಿಸುತ್ತಿದ್ದ. "ಏನ್ ಕೇಳಾಕತ್ತೀಯೋ?" ಎಂದೆವು. ಒಂದು ಕಿವಿಯದನ್ನು ತೆಗೆದು ನಮ್ಮ ಕಿವಿಗೆ ಇಟ್ಟ. ಮೊದಲಿಗೆ ನಮಗೆ ಕೇಳಿಸಿದ್ದು ಅಕ್ಕಿ ಗಿರಣಿಯ ಸದ್ದು. ಗಂಗಾವತಿಯಲ್ಲಿ ಬೆಳೆದವರಿಗೆ ಅದು ಜೋಗುಳದ ಹಾಗೆ ಪರಿಚಿತ. ಆಮೇಲೆ ಆ ಗಿರಣಿ ಬಹಳ ನಿಧಾನವಾಗಿ, ಹೆಣ ಹೊತ್ತವರ ಹೆಜ್ಜೆಯಂತೆ, ನಡೆಯತೊಡಗಿತು. ಅದರ ಕೆಳಗಿನಿಂದ ಹಾಳುಬಾವಿಯೊಳಗೆ ನಿಂತು ಕೂಗಿದಂಥ ಒಂದು ಗಂಡುದನಿ ಎದ್ದಿತು.

"ಬೆಂಗಳೂರಿನವರು ಮಾಮಾ, ನಮ್ಮವರ. ಹೆಸರು ಕೇಳಿದ್ರ ನಗ್ತೀರಿ. ಜಿನ್ನ್ ಆ್ಯಂಡ್ ಮಿಸ್ಕಟಾನಿಕ್."

ನಾವು ನಗಲಿಲ್ಲ. ಜಿನ್ನ್ ಎಂಬ ಶಬ್ದ ಕೇಳಿ ನಗುವ ಅಭ್ಯಾಸ ನಮ್ಮ ಮನೆತನದಲ್ಲಿ ಇಲ್ಲ. ಆದರೆ ಕತೆ ಬರೆಯುವವರಾದ ನಮಗೆ ಕುತೂಹಲ ಹುಟ್ಟಿತು. ಹುಡುಗ ಇನ್ನೊಂದು ಮಾತು ಹೇಳಿದ್ದ: ಈ ಮೇಳದಲ್ಲಿ ಬೇಸ್ ಗಿಟಾರ್ ನುಡಿಸುವವರು ಕತೆಗಾರರೂ ಹೌದು, ಅವರ ಕತೆಗಳು ಪುಸ್ತಕವಾಗಿವೆ. ಸದ್ದು ಮತ್ತು ಕತೆ ಎರಡೂ ಒಬ್ಬರ ಕೈಯಿಂದಲೇ. ಆಮೇಲಿನ ತಿಂಗಳುಗಳಲ್ಲಿ ಅವನ್ನು ತರಿಸಿ ಕೇಳಿದೆವು, ಓದಿದೆವು. ಸಂಗೀತಶಾಸ್ತ್ರ ನಮಗೆ ಬಾರದು. ಇಲ್ಲಿ ಬರೆಯುತ್ತಿರುವುದು ಕತೆಗಾರನ ಕಿವಿಗೆ ಬಿದ್ದದ್ದನ್ನು ಮಾತ್ರ.

ಮೊದಲು ಈ ಸದ್ದಿನ ಹುಟ್ಟಿನ ಬಗ್ಗೆ ನಾಲ್ಕು ಮಾತು. ನಮ್ಮ ಓಣಿಗಳಲ್ಲಿ ಇದನ್ನು ಸೈತಾನನ ಸಂಗೀತವೆಂದು ಒಂದೇ ಮಾತಿನಲ್ಲಿ ತಳ್ಳಿಹಾಕುವುದುಂಟು. ಹುಟ್ಟಿದ್ದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಎಂಬ ಕಾರ್ಖಾನೆ ಊರಿನಲ್ಲಿ. ಟೋನಿ ಅಯೋಮಿ ಎಂಬ ಹುಡುಗ ತಗಡಿನ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. ಕೆಲಸ ಬಿಡುವ ಕೊನೆಯ ದಿನವೇ ಯಂತ್ರಕ್ಕೆ ಸಿಕ್ಕಿ ಬಲಗೈಯ ಎರಡು ಬೆರಳುಗಳ ತುದಿ ಹೋದವು. ಅವನು ಎಡಚ. ತಂತಿ ಒತ್ತಬೇಕಾದ ಬೆರಳುಗಳೇ ಅವು. ಪ್ಲಾಸ್ಟಿಕ್ ಬಾಟಲಿ ಕರಗಿಸಿ ಬೆರಳಿಗೆ ಟೊಪ್ಪಿಗೆ ಮಾಡಿಕೊಂಡ. ಒತ್ತಲು ಸುಲಭವಾಗಲೆಂದು ಮುಂದೆ ತಂತಿಗಳನ್ನು ಸಡಿಲಿಸಿದ. ಸದ್ದು ಕೆಳಗಿಳಿಯಿತು, ದಪ್ಪವಾಯಿತು. ಅವನ ಮೇಳ ಬ್ಲ್ಯಾಕ್ ಸಬತ್‌ನ ಮೊದಲ ಆಲ್ಬಮ್ 1970ರ ಫೆಬ್ರುವರಿಯಲ್ಲಿ ಬಂತು. ಕೂಲಿಕಾರನ ಗಾಯದ ಸದ್ದು ಅದು. ಹೆವಿ ಮೆಟಲ್ ಎಂಬ ಮರದ ಎಲ್ಲ ಕೊಂಬೆಗಳೂ ಆ ಗಾಯದಿಂದಲೇ ಒಡೆದವೆಂದರೆ ಅತಿಶಯವಲ್ಲ. ನಿಧಾನಗತಿಯ ಕೊಂಬೆಗೆ ಡೂಮ್ ಎಂದು ಹೆಸರು. ಅದರ ಪಕ್ಕದ ಕೊಂಬೆ ಗಾಥಿಕ್ ಮೆಟಲ್. ಪ್ಯಾರಡೈಸ್ ಲಾಸ್ಟ್ ಎಂಬ ಇಂಗ್ಲಿಷ್ ಮೇಳ 1991ರಲ್ಲಿ ತನ್ನ ಆಲ್ಬಮ್ಮಿಗೆ ಗಾಥಿಕ್ ಎಂದೇ ಹೆಸರಿಟ್ಟಿತು. ಸಾವು, ಪಾಳುಗೋಡೆ, ಅಗಲಿದ ಹೆಣ್ಣು, ಮುಗಿಯದ ರಾತ್ರಿ ಇದರ ಸರಕು. ಹೇಳಬೇಕೆಂದರೆ ನಮ್ಮ ಉರ್ದು ಗಜಲಿನ ಸರಕೂ ಹೆಚ್ಚುಕಡಿಮೆ ಇದೇ.

ಬೆಂಗಳೂರಿಗೆ ಇದೇನು ಹೊಸದಲ್ಲ. 2007ರ ಮಾರ್ಚ್‌ನಲ್ಲಿ ಅರಮನೆ ಮೈದಾನಕ್ಕೆ ಐರನ್ ಮೇಡನ್ ಬಂದಾಗ, 2011ರ ಅಕ್ಟೋಬರ್‌ನಲ್ಲಿ ಮೆಟಾಲಿಕಾ ಬಂದಾಗ ದೇಶದ ಮೂಲೆಮೂಲೆಯಿಂದ ಕಪ್ಪಂಗಿಯ ಹುಡುಗರು ಬಂದಿಳಿದಿದ್ದರು. ಅದೇ 2011ರಲ್ಲಿ ಹುಟ್ಟಿದ ಮೇಳ ಜಿನ್ನ್ ಆ್ಯಂಡ್ ಮಿಸ್ಕಟಾನಿಕ್. ಮೊದಲ ಆಲ್ಬಮ್ 'ಫಾರೆವರ್ ಇನ್ ದ ರೆಲ್ಮ್' 2013ರಲ್ಲಿ, ಎರಡನೆಯದು 'ಈವನ್ ಗಾಡ್ಸ್ ಮಸ್ಟ್ ಡೈ' 2016ರಲ್ಲಿ ಬಂದವು. ಬೇಸ್ ನುಡಿಸುವ ಜಯಪ್ರಕಾಶ್ ಸತ್ಯಮೂರ್ತಿಯವರ ಕಥಾಸಂಕಲನ 'ವಿಯರ್ಡ್ ಟೇಲ್ಸ್ ಆಫ್ ಎ ಬ್ಯಾಂಗಲೋರಿಯನ್' 2015ರಲ್ಲಿ ಬಂತು. 2020ರಲ್ಲಿ ಬಂದ ಇನ್ನೊಂದಕ್ಕೆ 'ಕಮ್ ಟುಮಾರೋ' ಎಂದು ಹೆಸರು. ಎಲ್ಲವೂ ಇಂಗ್ಲಿಷಿನಲ್ಲಿ.

ಮೇಳದ ಹೆಸರಿನ ಬಳಿಯೇ ನಾವು ಸ್ವಲ್ಪ ಹೊತ್ತು ನಿಲ್ಲಬೇಕು. ಜಿನ್ನ್ ನಮ್ಮದು. ಮಿಸ್ಕಟಾನಿಕ್ ಎಂಬುದು ಅಮೆರಿಕದ ಲೇಖಕ ಎಚ್. ಪಿ. ಲವ್‌ಕ್ರಾಫ್ಟ್ (1890–1937) ತನ್ನ ಭಯದ ಕತೆಗಳಿಗಾಗಿ ಕಟ್ಟಿಕೊಂಡ ಕಲ್ಪನೆಯ ವಿಶ್ವವಿದ್ಯಾಲಯದ ಹೆಸರು. ಅದರ ಗ್ರಂಥಾಲಯದಲ್ಲಿ ಬೀಗ ಹಾಕಿಟ್ಟ ಒಂದು ಪುಸ್ತಕವಿದೆ, ಓದಿದವರಿಗೆ ಹುಚ್ಚು ಹಿಡಿಯುತ್ತದೆ. ಅದನ್ನು ಬರೆದವನು ಒಬ್ಬ 'ಹುಚ್ಚು ಅರಬ'. ಹೆಸರು ಅಬ್ದುಲ್ ಅಲ್‌ಹಜ್ರೆಡ್. ಮದರಸಾದಲ್ಲಿ ಎರಡು ತಿಂಗಳು ಕೂತ ಮಗುವೂ ಈ ಹೆಸರು ಕೇಳಿ ಹುಬ್ಬೇರಿಸುತ್ತದೆ. 'ಅಬ್ದುಲ್' ಎಂದರೆ ಇಂಥವನ ದಾಸ. ಅದರಲ್ಲಿ 'ಅಲ್' ಆಗಲೇ ಸೇರಿಕೊಂಡಿದೆ. ಅದರ ಹಿಂದೆಯೇ ಇನ್ನೊಂದು 'ಅಲ್' ಬರಲು ಸಾಧ್ಯವಿಲ್ಲ. ಹಜ್ರೆಡ್ ಎಂಬ ಶಬ್ದವಂತೂ ಅರಬಿಯಲ್ಲೇ ಇಲ್ಲ. ಎಳೆವಯಸ್ಸಿನಲ್ಲಿ ಸಾವಿರದ ಒಂದು ರಾತ್ರಿಗಳ ಕತೆ ಓದಿ, ತಾನೂ ಅರಬನೆಂದು ಆಟವಾಡುತ್ತ ಈ ಹೆಸರು ಹಚ್ಚಿಕೊಂಡಿದ್ದವನು ಲವ್‌ಕ್ರಾಫ್ಟ್. ಮಗುವಿನ ಆಟ ಎಂದು ಬಿಡಬಹುದಿತ್ತು. ಆದರೆ ಬೆಳೆದ ಮೇಲೂ ಆತ ತನ್ನ ಬಣ್ಣದವರಲ್ಲದ ಜನರ ಬಗ್ಗೆ ಕಾರಿಕೊಂಡ ವಿಷ ಅವನ ಪತ್ರಗಳಲ್ಲೂ ಕತೆಗಳಲ್ಲೂ ಹಾಗೇ ಇದೆ. ಅವನ ಭಯದ ಅರ್ಧ ಪಾಲು ಆಕಾಶದ ಆಚೆಯಿಂದ ಬರುವ ದೈತ್ಯರದಾದರೆ ಉಳಿದರ್ಧ ಪಕ್ಕದ ಬೀದಿಗೆ ವಲಸೆ ಬಂದ ಬಡವರದು.

ಗಾಥಿಕ್ ಎಂಬ ಕಥಾಪ್ರಕಾರದ ತೊಟ್ಟಿಲಲ್ಲೇ ಈ ನಂಟು ಇದೆ ಎಂಬುದನ್ನು ನಮ್ಮ ಓದುಗರಿಗೆ ಹೇಳಬೇಕು. 1786ರಲ್ಲಿ ಇಂಗ್ಲಿಷಿನಲ್ಲಿ ಬಂದ ವಿಲಿಯಮ್ ಬೆಕ್‌ಫರ್ಡನ 'ವಾಥೆಕ್' ಕಾದಂಬರಿಯ ನಾಯಕ ಒಬ್ಬ ಅಬ್ಬಾಸಿ ಖಲೀಫ, ಹಾರೂನ್ ರಶೀದನ ಮೊಮ್ಮಗ. ದುರಾಸೆಯಿಂದ ನರಕಕ್ಕೆ ನಡೆದುಹೋಗುತ್ತಾನೆ. ಆ ಪುಸ್ತಕಕ್ಕೆ ಬರೆದ ಟಿಪ್ಪಣಿಗಳಿಂದ ಲವ್‌ಕ್ರಾಫ್ಟ್ ಒಂದು ಶಬ್ದ ಎತ್ತಿಕೊಂಡ: ಅಜೀಫ್. ತನ್ನ ಹುಚ್ಚು ಅರಬನ ಪುಸ್ತಕದ ಮೂಲ ಹೆಸರು 'ಅಲ್ ಅಜೀಫ್' ಎಂದ. ಈ ಸಲ ಮಾತ್ರ ಶಬ್ದ ತಪ್ಪಿಲ್ಲ. ಮರುಭೂಮಿಯಲ್ಲಿ ರಾತ್ರಿ ಹೊತ್ತು ಮರಳು, ಗಾಳಿ, ಹುಳುಗಳಿಂದ ಏಳುವ ಗುಂಯ್‌ಗುಡುವಿಕೆಯನ್ನು ಅರಬರು ಜಿನ್ನುಗಳ ಸದ್ದು ಎಂದು ನಂಬಿದ್ದರು, ಅದಕ್ಕೆ ಅಜೀಫ್ ಎನ್ನುತ್ತಿದ್ದರು. ಪ್ರತಿ ಕವಿಗೂ ಒಂದು ಜಿನ್ನ್ ಇದ್ದು ಅದೇ ಕಿವಿಯಲ್ಲಿ ಪದ್ಯ ಊದುತ್ತದೆ ಎಂಬ ನಂಬಿಕೆಯೂ ಇಸ್ಲಾಮ್‌ಪೂರ್ವದ ಅರಬರಲ್ಲಿ ಇತ್ತು. ಬೆಂಗಳೂರಿನ ಮೇಳದವರು ಇದನ್ನೆಲ್ಲ ಅಳೆದು ತೂಗಿ ಹೆಸರಿಟ್ಟರೋ, ಕಿವಿಗೆ ಚೆನ್ನಾಗಿದೆ ಎಂದು ಇಟ್ಟರೋ, ಹೆಸರು ಸರಿಯಾಗಿಯೇ ಕೂತಿದೆ. ಬೇಸ್ ಗಿಟಾರಿನ ಆ ಕೆಳದನಿ ಕತ್ತಲಲ್ಲಿ ಕೂತು ಕೇಳಿದರೆ ಅಜೀಫ್ ಅಲ್ಲದೆ ಬೇರೇನಲ್ಲ. ಹುಚ್ಚು ಅರಬನ ಬಗ್ಗೆ ನಮಗೆ ಆದ ಕಿರಿಕಿರಿ ಈ ಒಂದು ಕಾರಣಕ್ಕೆ ಅರ್ಧ ಇಳಿಯಿತು. ಇನ್ನರ್ಧ ಇದೆ.

ಕುರ್‌ಆನಿನ 72ನೆಯ ಅಧ್ಯಾಯದ ಹೆಸರೇ ಜಿನ್ನ್. ಅಲ್ಲಿ ಅವು ಹೆದರಿಸಲು ಬರುವುದಿಲ್ಲ, ಕೇಳಲು ಬರುತ್ತವೆ. ಒಂದು ಗುಂಪು ಜಿನ್ನುಗಳು ಪಠಣ ಕೇಳಿ, ಬೆರಗಾಗಿ, ಒಪ್ಪಿ, ತಮ್ಮವರಿಗೆ ಹೇಳುತ್ತವೆ. ಜಗತ್ತಿನ ಭಯಕತೆಗಳಲ್ಲಿ ಹೀಗೆ ಕಿವಿಗೊಟ್ಟು ನಿಂತ ಭೂತ ನಮಗೆ ಇನ್ನೆಲ್ಲೂ ಸಿಕ್ಕಿಲ್ಲ. ಲವ್‌ಕ್ರಾಫ್ಟನ ಹಾದಿ ಹಿಡಿದ ಯಾರಿಗೂ ಈ ಜಿನ್ನ್ ಬೇಕಾಗುವುದಿಲ್ಲ. ಬೆಂಗಳೂರಿನ ಮೇಳಕ್ಕೂ ಬೇಕಾದ ಹಾಗೆ ಕಾಣಲಿಲ್ಲ. ಅವರ ಆಲ್ಬಮ್ಮಿನ ಮಾತುಗಳಲ್ಲಿ ಇರುವುದು ಜಾಂಬಿಗಳ, ಎದ್ದುಬಂದ ಹೆಣಗಳ, ಮರೆತ ದೇವತೆಗಳ ಲೋಕ. ಪಡುವಣದ ಮೆಟಲ್ ಮೇಳಗಳು ನಲವತ್ತು ವರ್ಷದಿಂದ ಬಾಡಿಗೆಗೆ ಕೊಡುತ್ತ ಬಂದ ಸಾಮಾನು ಅದು. ಹಾಡುಗಳು ಉದ್ದ, ನಿಧಾನ. ಆ ನಿಧಾನ ನಮಗೆ ಮೆಚ್ಚಿಗೆಯಾಯಿತು. ಎಲ್ಲರೂ ಓಡುವ ಊರಿನಲ್ಲಿ ನಾಲ್ಕು ಜನ ಕೂತು ಇಷ್ಟು ನಿಧಾನವಾಗಿ ನುಡಿಸುವುದು ಸಣ್ಣ ಹಟವಲ್ಲ. ಆದರೆ ಆ ಹಟದ ಬಾಯಲ್ಲಿ ಇಟ್ಟ ಮಾತು ಎರವಲಿನದು.

ಸತ್ಯಮೂರ್ತಿಯವರ ಕತೆಗಳಿಗೆ ಬಂದರೆ ಹಾಗಲ್ಲ. ಅಲ್ಲಿ ಬೆಂಗಳೂರು ಇದೆ. 'ಕಮ್ ಟುಮಾರೋ' ಎಂಬ ಹೆಸರನ್ನು ಕನ್ನಡಕ್ಕೆ ತಿರುಗಿಸಿ ನೋಡಿ: ನಾಳೆ ಬಾ! ನಮ್ಮ ವಯಸ್ಸಿನ ಯಾರಿಗೆ ಅದು ನೆನಪಿಲ್ಲ? 1990ರ ದಶಕದಲ್ಲಿ ರಾತ್ರಿ ಹೊತ್ತು ಒಬ್ಬ ಹೆಂಗಸು ಬಂದು ಗುರುತಿನವರ ದನಿಯಲ್ಲಿ ಕರೆಯುತ್ತಾಳೆ, ಬಾಗಿಲು ತೆರೆದವನು ಉಳಿಯುವುದಿಲ್ಲ ಎಂಬ ಸುದ್ದಿ ಬೆಂಗಳೂರಿನಿಂದ ಹೊರಟು ಊರೂರು ಸುತ್ತಿತು. ಬಾಗಿಲ ಮೇಲೆ 'ನಾಳೆ ಬಾ' ಎಂದು ಬರೆದರೆ ಓದಿ ವಾಪಸು ಹೋಗುತ್ತಾಳೆ, ಮರುದಿನ ಬಂದು ಮತ್ತೆ ಅದನ್ನೇ ಓದುತ್ತಾಳೆ. 2018ರ ಹಿಂದಿ ಸಿನಿಮಾ 'ಸ್ತ್ರೀ' ಈ ಕತೆಯನ್ನೇ ಎತ್ತಿಕೊಂಡು ದುಡ್ಡು ಮಾಡಿತು. ನಮ್ಮ ಓಣಿಯಲ್ಲಿ ಆಗ ಒಂದು ಸಣ್ಣ ಗೊಂದಲವಾಗಿತ್ತು. ನಮ್ಮ ಬಾಗಿಲ ಮೇಲೆ ಮೊದಲೇ ಆಯತುಲ್ ಕುರ್ಸಿಯ ಚೌಕಟ್ಟು ಇತ್ತು. ಅದರ ಕೆಳಗೆ ಸೀಮೆಸುಣ್ಣದಲ್ಲಿ 'ನಾಳೆ ಬಾ' ಬರೆಯಬೇಕೆ ಬೇಡವೆ? ಅಬ್ಬಾ ಬೇಡವೆಂದರು. ಅಮ್ಮಿ ಮಾತನಾಡದೆ ಒಳಗೆ ಹೋಗಿ ಸೀಮೆಸುಣ್ಣ ತಂದರು. ಬರೆದವರು ನಾವೇ. ಬರುವವಳಿಗೆ ಯಾವ ಲಿಪಿ ಬರುತ್ತದೋ ಎಂದು ಕನ್ನಡದಲ್ಲೂ ಉರ್ದುವಿನಲ್ಲೂ ಬರೆದೆವು. ಇವತ್ತಿಗೂ ನಮ್ಮ ಮೊದಲ ಕತೆ ಯಾವುದು ಎಂದು ಯಾರಾದರೂ ಕೇಳಿದರೆ ಅದೇ ಎಂದು ಹೇಳುವ ಮನಸ್ಸಾಗುತ್ತದೆ.

ಈ ಭಯಕ್ಕೆ ವಿಳಾಸವಿದೆ. ಬಾಡಿಗೆ ಮನೆ, ಒಂಟಿ ಬಾಗಿಲು, ಗುರುತಿನವರ ದನಿ. ಹೊಸದಾಗಿ ಊರಿಗೆ ಬಂದವನಿಗೆ ಯಾರು ಗುರುತಿನವರು, ಯಾರಲ್ಲ ಎಂಬ ತೊಳಲಾಟ. ಮೇಳದ ಬೇಸ್ ಗಿಟಾರಿನಲ್ಲಿ ಮೈ ನಡುಗಿಸುವ ಕೈ ಪುಸ್ತಕದಲ್ಲಿ ಬೀದಿ ತೋರಿಸುತ್ತದೆ. ಎರಡನ್ನೂ ಒಟ್ಟಿಗೆ ಇಟ್ಟು ನೋಡಿದಾಗ ನಮಗೆ ಅನಿಸಿದ್ದು ಇಷ್ಟು: ಪುಸ್ತಕದ ಬೀದಿ ಹಾಡಿನೊಳಕ್ಕೆ ಬರಬೇಕಿತ್ತು, ಬಂದಿಲ್ಲ. ಆಲ್ಬಮ್ಮು ಒಂದು ಕೋಣೆಯಲ್ಲಿ, ಪುಸ್ತಕ ಇನ್ನೊಂದು ಕೋಣೆಯಲ್ಲಿ. ನಡುವಿನ ಬಾಗಿಲ ಮೇಲೆ ಅವರೇ 'ನಾಳೆ ಬಾ' ಎಂದು ಬರೆದಿಟ್ಟ ಹಾಗಿದೆ.

ಆ ಬಾಗಿಲನ್ನು ತೆರೆದವರು ಇಲ್ಲದಿಲ್ಲ. ಪೋರ್ಚುಗಲ್ಲಿನ ಗಾಥಿಕ್ ಮೆಟಲ್ ಮೇಳ ಮೂನ್‌ಸ್ಪೆಲ್ 2003ರಲ್ಲಿ 'ದಿ ಆ್ಯಂಟಿಡೋಟ್' ಎಂಬ ಆಲ್ಬಮ್ ತಂದಿತು. ತಿರ್ಯಾಕ್, ವಿಷಹಾರಿ ಎಂದು ಅರ್ಥ. ಅದೇ ಹೊತ್ತಿಗೆ ಅವರ ದೇಶದ ಕತೆಗಾರ ಜೋಸೆ ಲೂಯಿಸ್ ಪೆಯ್‌ಶೋಟೊ ಅದೇ ಹೆಸರಿನ ಪುಸ್ತಕ ಬರೆದರು. ಹತ್ತು ಹಾಡುಗಳು, ಒಂದೊಂದಕ್ಕೂ ಜೊತೆಯಾಗಿ ಒಂದೊಂದು ಕಥಾಭಾಗ. ಪೆಯ್‌ಶೋಟೊ ಆಲೆಂತೇಜು ಎಂಬ ಒಣಸೀಮೆಯ ಹಳ್ಳಿಯವರು, 1974ರಲ್ಲಿ ಹುಟ್ಟಿದವರು, 2001ರಲ್ಲಿ ಸರಾಮಾಗೊ ಹೆಸರಿನ ಪ್ರಶಸ್ತಿ ಪಡೆದವರು. ಬಿಸಿಲು, ದೂಳು, ಮಾತು ಕಡಿಮೆಯ ರೈತರು, ಮನೆಯೊಳಗೆ ಬಂದು ಕೂತ ಸಾವು ಅವರ ಬರವಣಿಗೆಯಲ್ಲಿ ಮತ್ತೆ ಮತ್ತೆ ಬರುತ್ತವೆ. ಯಲಬುರ್ಗಿಯ ಎರೆಹೊಲದ ನಡುವೆ ಕೂತು ಅವರ ಕಾದಂಬರಿಯ ಇಂಗ್ಲಿಷ್ ಅನುವಾದ ಓದಿದಾಗ ನಮಗೆ ಅಡಿಟಿಪ್ಪಣಿ ಬೇಕೆನಿಸಲಿಲ್ಲ.

ಹಾಡು ಬರೆಯುವ ಫೆರ್ನಾಂದೊ ರಿಬೇರೊ ಸ್ವತಃ ಕವಿ. ಆದರೂ ಇನ್ನೊಬ್ಬರನ್ನು ಏಕೆ ಕರೆದರು? ನಮಗೆ ತೋಚುವ ಉತ್ತರ ಇದು. ಮೆಟಲ್ ಗಾಯಕನ ಗಂಟಲು ಮಾತನ್ನು ನುಂಗುತ್ತದೆ. ಗುಡುಗು ಉಳಿಯುತ್ತದೆ, ಪದ ಉಳಿಯುವುದಿಲ್ಲ. ಅಭಿಮಾನಿಗಳು ಹಾಡಿನ ಮಾತನ್ನು ಕಾಗದದಲ್ಲಿ ನೋಡಿಕೊಂಡೇ ಕೇಳುತ್ತಾರೆ. ಮಾತು ನುಂಗುವ ಸಂಗೀತಕ್ಕೆ ಪಕ್ಕದಲ್ಲಿ ಕೂತು ನಡೆದದ್ದೇನೆಂದು ಹೇಳುವ ಒಬ್ಬರು ಬೇಕಾಗುತ್ತಾರೆ. ಹಾಗೆ ಹೇಳುವವರು ಹಾಡಿನ ತಾತ್ಪರ್ಯ ಒಪ್ಪಿಸಿದರೆ ಕೆಟ್ಟಿತು. ಹಾಡು ಮುಗಿದ ಮೇಲೆ ಮನೆಯಲ್ಲಿ ಉಳಿದವರು ಏನು ಮಾಡಿದರು, ಅಂಗಳ ಯಾರು ಗುಡಿಸಿದರು ಎಂದು ಹೇಳಬೇಕು.

ಇದೇ ಮೂನ್‌ಸ್ಪೆಲ್‌ನವರ ಬಗ್ಗೆ ನಮಗೊಂದು ತಕರಾರೂ ಇದೆ. 1994ರ ಅವರ ಮೊದಮೊದಲ ಸಣ್ಣ ತಟ್ಟೆಯ ಮೊದಲ ತುಣುಕಿನ ಶೀರ್ಷಿಕೆಯಲ್ಲಿ ತಕ್ಬೀರ್ ಇದೆ, ಕಲಿಮಾದ ತುಂಡೂ ಇದೆ. ಅದೂ ತಪ್ಪು ಕಾಗುಣಿತದಲ್ಲಿ. ಎಷ್ಟು ತಪ್ಪೆಂದರೆ ಅಕ್ಷರಶಃ ಓದಿದರೆ ಅರ್ಥ ತಲೆಕೆಳಗಾಗುತ್ತದೆ. ಅಬ್ದುಲ್ ಅಲ್‌ಹಜ್ರೆಡ್‌ನ ತಮ್ಮನೇ ಸರಿ. ಕೋಪ ಮಾಡಿಕೊಳ್ಳುವ ಮೊದಲು ಇನ್ನೊಂದನ್ನೂ ನೆನೆಯಬೇಕು. ಆ ದೇಶದ ತೆಂಕಣ ತುದಿಯ ಹೆಸರು ಆಲ್ಗಾರ್ವ್, ಅಂದರೆ ಅಲ್ ಗರ್ಬ್, ಪಡುವಣ. ಲಿಸ್ಬನ್ 1147ರವರೆಗೆ ಮುಸ್ಲಿಮರ ಊರು. ಪೋರ್ಚುಗೀಸರು ಇಂದಿಗೂ 'ಹಾಗಾಗಲಿ' ಎನ್ನಲು ಒಶಲಾ ಎನ್ನುತ್ತಾರೆ, ಅದರೊಳಗೆ ಅಲ್ಲಾಹನ ಹೆಸರು ಅಡಗಿದೆ. ಹೂತದ್ದನ್ನು ಮರೆತ ಮನೆಯ ಮಕ್ಕಳು ತಡಕಾಡುವಾಗ ಕೈಗೆ ಸಿಕ್ಕ ಅಕ್ಷರ ತಲೆಕೆಳಗಾಗಿದ್ದರೆ ಬೈಯಬಹುದು, ತಡಕಾಡಿದ್ದು ತಪ್ಪೆನ್ನಲಾಗದು. ನಮ್ಮ ಮನೆಯಲ್ಲಿ ಅಲಮಾರು, ಬಾಲ್ದಿ ಎನ್ನುವಾಗ ನಾವೂ ಅವರ ಶಬ್ದಗಳನ್ನೇ ಆಡುತ್ತಿರುತ್ತೇವೆ. ಅವರ ದೊಮಿಂಗೊ ಪಾಯಿಸ್ 1520ರ ಸುಮಾರಿಗೆ ಬಂದು ನೋಡಿ ಬರೆದದ್ದು ನಮ್ಮ ಗಂಗಾವತಿಯ ಆನೆಗೊಂದಿಯ ಎದುರು ದಂಡೆಯ ಪಟ್ಟಣವನ್ನು.

ಇಷ್ಟೆಲ್ಲ ಓದಿ ಕೇಳಿದ ಮೇಲೆ ಒಂದು ರಾತ್ರಿ ನಿದ್ದೆ ಬಾರದೆ ಹೊರಳುವಾಗ ಕತಲ್ ರಾತ್ರಿಯ ಕಟ್ಟೆ ನೆನಪಾಯಿತು. ಹುಡುಗ ಕಿವಿ ಮುಚ್ಚಿಕೊಂಡು ಬೆಂಗಳೂರಿನದನ್ನು ಕೇಳುತ್ತಿದ್ದಾಗ ಎದುರಿಗೆ ನಡೆಯುತ್ತಿದ್ದುದು ಏನು? ರಿವಾಯತ್ ಪದ.

ನಮ್ಮ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಿ ಸೀಮೆಯಲ್ಲಿ ರಿವಾಯತ್ ಗೊತ್ತಿಲ್ಲದ ಹಳ್ಳಿ ಇಲ್ಲ. ಒಂದೂ ಮುಸಲ್ಮಾನರ ಮನೆ ಇಲ್ಲದ ಊರಿನಲ್ಲೂ ಅಸೇನ ಉಸೇನರ ದೇವರು ಕೂಡುತ್ತವೆ, ಕುಣಿ ತೋಡುತ್ತಾರೆ, ಹರಕೆ ಹೊತ್ತವರು ಲಾಡಿ ಹಾಕಿಕೊಂಡು ಫಕೀರರಾಗುತ್ತಾರೆ, ಚೋಂಗ್ಯಾ ಬೇಯುತ್ತದೆ. ಹಿಜರಿ 61ರ, ಅಂದರೆ ಸಾಮಾನ್ಯ ಶಕ 680ರ, ಕರ್ಬಲೆಯ ಬಯಲು ಇಲ್ಲಿ ಕನ್ನಡ ಮಾತಾಡುತ್ತದೆ. ಹಾಡುವವರು ಕುರುಬರು, ನಾಯಕರು, ಪಿಂಜಾರರು, ಯಾರಾದರೂ ಸರಿ. ಹಲಗೆ ಬಾರಿಸುವವರು ಮಾದಿಗರು. ಯುಫ್ರಟೀಸ್ ನಮ್ಮ ಹೊಳೆಯಂತೆ ಹರಿಯುತ್ತದೆ. ನೀರು ಸಿಗದೆ ಸತ್ತ ಕೂಸಿನ ಕತೆಯನ್ನು ಬರಗಾಲದ ಸೀಮೆಯ ಜನಕ್ಕೆ ಬಿಡಿಸಿ ಹೇಳಬೇಕಾಗಿಲ್ಲ.

ರಿವಾಯತ್ ಎಂಬ ಶಬ್ದವನ್ನೇ ನೋಡಿ. ಅರಬಿಯ ರಿವಾಯತ್ ಎಂದರೆ ನಿರೂಪಣೆ, ಒಬ್ಬರು ಕೇಳಿ ಇನ್ನೊಬ್ಬರಿಗೆ ಮುಟ್ಟಿಸುವ ವರದಿ. ಇವತ್ತಿನ ಅರಬಿ ಸಾಹಿತ್ಯದಲ್ಲಿ ಕಾದಂಬರಿಗೆ ಇರುವ ಹೆಸರೂ ಅದೇ, ರಿವಾಯಾ. ಕೈರೋದ ಪುಸ್ತಕದಂಗಡಿಯಲ್ಲಿ ರಿವಾಯತ್ ಕೇಳಿದರೆ ನಜೀಬ್ ಮೆಹಫೂಜರನ್ನು ಕೊಡುತ್ತಾರೆ. ಕುಷ್ಟಗಿಯಲ್ಲಿ ಕೇಳಿದರೆ ಹಲಗೆ ಕಾಯಿಸುತ್ತಾರೆ.

ಲಖನೌದ ಮಜಲಿಸ್ಸಿನಲ್ಲೂ ಕ್ರಮ ಹೀಗೇ ಇರುವುದು. ಮೊದಲು ಸೋಜ್, ದನಿಯನ್ನು ಎಳೆದೆಳೆದು ಹಾಡುವುದು, ಪದಗಳು ಕಣ್ಣೀರಿನಲ್ಲಿ ಕರಗಿಹೋಗುವಷ್ಟು. ಆಮೇಲೆ ರಾಗವಿಲ್ಲದೆ ಓದುವ ಮರ್ಸಿಯಾ, ಆಮೇಲೆ ಗದ್ಯದಲ್ಲಿ ಹೇಳುವ ಜಾಕಿರ್. ಅನೀಸ್, ದಬೀರರಿಗಿಂತ ಬಹಳ ಮೊದಲು ಉರ್ದುವಿನ ಮರ್ಸಿಯಾ ಕಣ್ಣು ಬಿಟ್ಟದ್ದು ನಮ್ಮ ದಖನದಲ್ಲಿ, ಬಿಜಾಪುರ ಗೋಲ್ಕೊಂಡಗಳಲ್ಲಿ. ಯಲಬುರ್ಗಿ ಸಮೀಪದ ಒಂದು ಹಳ್ಳಿಯಲ್ಲಿ ಹಿಂದೆ ನಾವು ನೋಡಿದ್ದು ಇದರ ಬಡ ತಮ್ಮನನ್ನು. ಮೇಳ ಒಂದು ನುಡಿ ಹಾಡಿ ಹೆಜ್ಜೆ ಹಾಕುತ್ತದೆ, ಹಲಗೆ ಭೋರ್ಗರೆದು ನಿಲ್ಲುತ್ತದೆ, ಆಗ ಕುಣಿಯ ಪಕ್ಕ ಕೂತ ಒಬ್ಬ ಹಿರಿಯ ಬೀಡಿ ಆರಿಸಿ, "ಈಗ ಏನಾತಪಾ ಅಂದ್ರ…" ಎಂದು ಶುರುಮಾಡುತ್ತಾನೆ. ಹಾಡಿನಲ್ಲಿ ಇಲ್ಲದ್ದನ್ನು ಅವನು ಹೇಳುತ್ತಾನೆ. ಕುದುರೆ ಒಂಟಿಯಾಗಿ ಡೇರೆಗೆ ಮರಳಿದಾಗ ಅದರ ಲಗಾಮು ಹಿಡಿದವರು ಯಾರು, ಆ ರಾತ್ರಿ ಮಕ್ಕಳಿಗೆ ಏನು ಹೇಳಿ ಮಲಗಿಸಿದರು ಎಂದು. ಗ್ರಂಥಗಳಲ್ಲಿ ಅದು ಹಾಗೇ ಇದೆಯೆ ಎಂದು ಕೇಳಿದರೆ ಇಲ್ಲ. ಅವನು ಕತೆಗಾರ.

ಈಗ ಕೆಟ್ಟ ಸುದ್ದಿ. ಆ ಮೇಳ ಇವತ್ತು ಹಾಡುವುದಿಲ್ಲ. ನಮ್ಮ ಕಡೆಯ ಓದಿದ ಹುಡುಗರು ಇದು ಬಿದ್‌ಅತ್, ದೀನಿನಲ್ಲಿ ಇಲ್ಲದ್ದು ಎಂದು ದೂರ ಸರಿದರು. ಅವರ ಮಾತಿಗೆ ಆಧಾರವಿಲ್ಲ ಎಂದು ನಾವು ವಾದಿಸಲು ಹೊರಟಿಲ್ಲ, ಆ ಚರ್ಚೆ ಬಲ್ಲವರದು. ಇನ್ನೊಂದು ಕಡೆಯಿಂದ ಡಿಜೆ ಪೆಟ್ಟಿಗೆಗಳು ಬಂದವು. ಹೆಜ್ಜೆ ಉಳಿಯಿತು, ಕತೆ ಹೋಯಿತು. ಅದೇ ಹುಡುಗರು ಬೆಂಗಳೂರಿಗೆ ಹೋಗಿ, ಕೋಣೆಯಲ್ಲಿ ಒಂಟಿಯಾಗಿ, ನಾರ್ವೆಯ ಪೋರ್ಚುಗಲ್ಲಿನ ಸಾವಿನ ಹಾಡು ಕೇಳುತ್ತಾರೆ. ಅಳುವ ಸದ್ದು ಮನುಷ್ಯನಿಗೆ ಎಲ್ಲಿಂದಲಾದರೂ ಬೇಕೇ ಬೇಕು ಎಂದು ಕಾಣುತ್ತದೆ.

ದೂರುವ ಹಕ್ಕು ನಮಗೂ ಪೂರ್ತಿ ಇಲ್ಲ. ನಮ್ಮ ದಾದಾ ರಿವಾಯತ್ ಹಾಡುತ್ತಿದ್ದರು. ಕೊಪ್ಪಳ, ಯಲಬುರ್ಗಿ ಸಾಲಾರ್ ಜಂಗರ ಜಹಗೀರಾಗಿದ್ದ ಕಾಲದಲ್ಲಿ ಉರ್ದು ಶಾಲೆ ಕಲಿತವರು. ಕನ್ನಡ ಅವರ ಬಾಯಲ್ಲಿತ್ತು, ಕೈಯಲ್ಲಿ ಇರಲಿಲ್ಲ. ಅವರದೊಂದು ಕೆಂಪು ರಟ್ಟಿನ ವಹಿ ಇದೆ. ಅದರಲ್ಲಿ ಕನ್ನಡದ ಪದಗಳನ್ನು ಉರ್ದು ಲಿಪಿಯಲ್ಲಿ ಬರೆದಿದ್ದಾರೆ. ಪ್ರತಿ ಪದದ ಎದುರು ಪುಟದಲ್ಲಿ ಗದ್ಯ, ಅದು ಉರ್ದುವಿನಲ್ಲೇ: ಪದ ನಿಂತಾಗ ಹೇಳಬೇಕಾದ ಕತೆ. ಬಲಗಡೆ ಹಾಡು, ಎಡಗಡೆ ಕತೆ. ಇಪ್ಪತ್ತರ ಹರೆಯದಲ್ಲಿ ಅಬ್ಬಾ ಅದನ್ನು ನಮ್ಮ ಕೈಗಿಟ್ಟು ಕನ್ನಡ ಲಿಪಿಗೆ ಇಳಿಸು ಎಂದಿದ್ದರು. ಎರಡೂ ಲಿಪಿ ಬಲ್ಲವರು ಮನೆಯಲ್ಲಿ ನಾವೊಬ್ಬರೇ. ಆಗ ನಾವು ನವ್ಯ, ಬಂಡಾಯ, ಮಂಟೋ ಎಂದು ಓಡಾಡುತ್ತಿದ್ದೆವು. ಹಳೆಯ ಅಳುವಿನ ಪದಗಳಲ್ಲಿ ಏನಿದೆ ಎಂದು ಟ್ರಂಕಿನಲ್ಲಿ ಹಾಕಿದೆವು. ಆಮೇಲೆ ಕತೆಯ ರೂಪ, ನಿರೂಪಣೆಯ ತಂತ್ರ ಎಂದು ಅಲ್ಲಿ ಇಲ್ಲಿ ಭಾಷಣ ಮಾಡಿದೆವು. ಲಿಸ್ಬನ್ನಿನವರು ಹತ್ತು ಹಾಡಿಗೆ ಹತ್ತು ಕತೆ ಕೂಡಿಸಿದ್ದನ್ನು ಓದಿ ಬೆರಗಾದ ಮೇಲೆ ಟ್ರಂಕು ತೆಗೆದರೆ ಗೆದ್ದಲು ಅರ್ಧ ಮುಗಿಸಿತ್ತು.

ಕೊಪ್ಪಳ ಸೀಮೆಯಲ್ಲಿ ಮೆಟಲ್ ಸಂಗೀತಕ್ಕೆ ನೆಲ ಇಲ್ಲ ಎನ್ನುವವರು ಗಂಗಾವತಿಯಿಂದ ಹಿರೇಬೆಣಕಲ್ಲಿಗೆ ಹೋಗಿ ಬರಬೇಕು. ಗುಡ್ಡದ ಮೇಲೆ ಕಬ್ಬಿಣ ಯುಗದ ನೂರಾರು ಕಲ್ಲುಗೋರಿಗಳಿವೆ. ನಾಲ್ಕು ಚಪ್ಪಡಿ ನಿಲ್ಲಿಸಿ ಮೇಲೊಂದು ಮುಚ್ಚಿದ ಮನೆ, ಒಂದು ಚಪ್ಪಡಿಯಲ್ಲಿ ದುಂಡನೆ ಕಿಂಡಿ. ಜನ ಅವನ್ನು ಮೋರ್ಯರ ಮನೆ ಎನ್ನುತ್ತಾರೆ. ಮೋರ್ಯರು ಕುಳ್ಳರಂತೆ, ಒಂದು ದಿನ ಎಲ್ಲರೂ ಇಲ್ಲವಾದರಂತೆ ಎಂದು ನಾವು ಹುಡುಗರಾಗಿದ್ದಾಗ ಕೇಳಿದ್ದೆವು. ಯುನೆಸ್ಕೋದ ತಾತ್ಕಾಲಿಕ ಪಟ್ಟಿಯಲ್ಲಿ 2021ರಿಂದ ಆ ಗುಡ್ಡದ ಹೆಸರಿದೆ. ಅಲ್ಲೊಂದು ಬಂಡೆಯ ಮೇಲೆ ಬೋರಲು ಬೋಗುಣಿಯಂಥ ದೊಡ್ಡ ಕಲ್ಲುಗುಂಡು ಕೂತಿದೆ. ಬಡಿದರೆ ನಗಾರಿಯಂತೆ ಮೊಳಗುತ್ತದೆ, ಸದ್ದು ಕಿಲೋಮೀಟರ್ ದೂರಕ್ಕೆ ಕೇಳುತ್ತದೆ. ಗೋರಿಗಳ ನಡುವೆ ಕಲ್ಲಿನ ನಗಾರಿ! ಬರ್ಮಿಂಗ್‌ಹ್ಯಾಮ್‌ಗೆ ಎರಡು ಸಾವಿರ ವರ್ಷ ಮೊದಲು ಇಲ್ಲಿ ಯಾರೋ ಹೆಣದ ಮುಂದೆ ನಿಧಾನವಾಗಿ ಬಡಿಯುತ್ತಿದ್ದರೆಂದು ಊಹಿಸುವುದಕ್ಕೆ ನಮಗೆ ಯಾರ ಅಪ್ಪಣೆಯೂ ಬೇಡ. ಬೆಂಗಳೂರಿನ ಮೇಳದವರು ತಮ್ಮ ಮುಂದಿನ ಆಲ್ಬಮ್ಮಿಗೆ ಮುಂಚೆ ಒಮ್ಮೆ ಆ ಗುಡ್ಡ ಹತ್ತಲಿ ಎಂದು ನಾವು ಆಶಿಸುತ್ತೇವೆ. ಅಷ್ಟು ಒಳ್ಳೆಯ ಬೇಸ್ ಕೈ ಲವ್‌ಕ್ರಾಫ್ಟನ ಹಂಗಿನಲ್ಲಿ ಇರಬೇಕಾಗಿಲ್ಲ.

ಬಕ್ರೀದ್‌ಗೆ ಹುಡುಗ ಬಂದಾಗ ವಹಿ ತೋರಿಸಿದೆವು. ಅವನಿಗೆ ಉರ್ದು ಓದಲು ಬಾರದು. ನಾವು ಓದಿದೆವು, ಅವನು ಫೋನಿನಲ್ಲಿ ದನಿ ಹಿಡಿದುಕೊಂಡ, ಒಂದೊಂದು ಹಾಳೆಯನ್ನೂ ಚಿತ್ರ ತೆಗೆದ. ಮೂರನೆಯ ಪದಕ್ಕೆ ಬಂದಾಗ "ಮಾಮಾ, ಇನ್ನೂ ನಿಧಾನ ಓದ್ರಿ" ಎಂದು ಮೇಜಿನ ಮೇಲೆ ಬೆರಳಿನಿಂದ ತಾಳ ಹಾಕತೊಡಗಿದ. ಆ ತಾಳ ಹಲಗೆಯದೋ ಬೆಂಗಳೂರಿನದೋ ನಮಗೆ ತಿಳಿಯಲಿಲ್ಲ. ಏಳನೆಯ ಪದ ಪೂರ್ತಿ ಇದೆ, ಕುದುರೆ ಮರಳುವ ಪದ. ಎದುರು ಪುಟವನ್ನು ಗೆದ್ದಲು ತಿಂದಿದೆ. ಮೇಲಿನ ಒಂದೂವರೆ ಸಾಲು ಮಾತ್ರ ಉಳಿದಿದೆ, ಅದೂ ವಾಕ್ಯದ ನಡುವೆ ನಿಲ್ಲುತ್ತದೆ. ಅಲ್ಲಿಂದ ಮುಂದೆ ಬರೆಯುವ ಕೆಲಸ ನಮ್ಮ ಪಾಲಿಗೆ ಬಂದಿದೆ. ಎರಡು ಸಲ ಬರೆದು ಹರಿದುಹಾಕಿದೆವು, ಎರಡೂ ಸಲ ಕತೆ ಹಾಡಿನ ತಾತ್ಪರ್ಯವಾಯಿತು. ಮೊನ್ನೆ ಕುಷ್ಟಗಿಯಿಂದ ಫೋನು ಬಂದಿತ್ತು. ಗಿಟಾರಿನವನೊಬ್ಬ ಸಿಕ್ಕಿದ್ದಾನಂತೆ, ಹಲಗೆಯ ಹಿರಿಯರೊಬ್ಬರು ಒಪ್ಪಿದ್ದಾರಂತೆ. ಎಡಗಡೆಯ ಪುಟ ಯಾವಾಗ ಕೊಡುತ್ತೀರಿ ಎಂದು ಕೇಳುತ್ತಾನೆ.